ವಾರಂಟಿ ಮುಗಿದ ಕಾರು: ರಿಪೇರಿಯೋ, ಬದಲಾವಣೆಯೋ?

ಹೊಸ ಕಾರು ಬಂದ ದಿನ ಅದನ್ನು ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಮುಂದೆ ನಿಲ್ಲಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿಸುವ ಸಂಸಾರಗಳುಂಟು. ಆ ದಿನ ಮನೆಮಂದಿಗೆಲ್ಲ ನೆನಪಿರುತ್ತದೆ. ವಾರಂಟಿ ಮುಗಿದ ದಿನ ಯಾರಿಗೂ ನೆನಪಿರುವುದಿಲ್ಲ. ಆರು ತಿಂಗಳೋ ವರುಷವೋ ಕಳೆದು, ಕ್ಲಚ್ಚು ಜಾರತೊಡಗಿ, ವರ್ಕ್‌ಷಾಪಿನವರು ಅಂದಾಜುಪಟ್ಟಿಯನ್ನು ಕೈಗಿತ್ತಾಗಲೇ ಅದು ನೆನಪಾಗುವುದು. ಪಟ್ಟಿಯ ಕೆಳಗಿನ ಮೊತ್ತವನ್ನು ಕಂಡೊಡನೆ ಯಜಮಾನರ ಬಾಯಿಂದ ಹೊರಡುವ ಮಾತು ಬಹುಮಟ್ಟಿಗೆ ಒಂದೇ: “ಇಷ್ಟು ಹಣ ಸುರಿಯುವ ಬದಲು ಹೊಸದನ್ನೇ ಕೊಂಡರಾಯಿತು.”

ಬಹುತೇಕ ಸಂದರ್ಭಗಳಲ್ಲಿ ಆ ಮಾತು ದುಡುಕಿನದು. ಆದರೆ ಕೆಲವು ಸಂದರ್ಭಗಳಲ್ಲಿ ಅದೇ ಸರಿಯಾದ ಮಾತು. ಯಾವುದು ಯಾವಾಗ ಎಂಬುದನ್ನು ವಿಚಾರಿಸುವುದು ಅಗತ್ಯ.

ಬೆಂಗಳೂರಿನಲ್ಲಿ ಕಾರು ಎರಡು ವಾರ ಗ್ಯಾರೇಜಿನಲ್ಲಿ ಕುಳಿತರೆ ಮೆಟ್ರೋ ಇದೆ, ಆಟೋ ಇದೆ. ನಂಜನಗೂಡು ತಾಲ್ಲೂಕಿನ ತಗಡೂರಿನಂಥ ಊರಿನಲ್ಲಿ ಸಂಗತಿ ಬೇರೆ. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರಿಂದ ಹೆಸರಾದ, ಖಾದಿಯ ಕೆಲಸ ಕಂಡ ಊರು ಅದು. ಹೆಸರಿನಲ್ಲೇ ತಗಡು ಸೇರಿಕೊಂಡಿದ್ದರೂ, ಕಂಪನಿಯ ದೊಡ್ಡ ವರ್ಕ್‌ಷಾಪಿನಲ್ಲಿ ಕಾರಿನ ತಗಡು ತಟ್ಟಿಸಬೇಕಾದರೆ ಊರು ಬಿಟ್ಟೇ ಹೋಗಬೇಕು! ವಯಸ್ಸಾದ ತಂದೆಗೆ ನಡುರಾತ್ರಿ ಎದೆನೋವು ಕಾಣಿಸಿಕೊಂಡರೆ ಮೈಸೂರಿನ ಆಸ್ಪತ್ರೆಯನ್ನು ಮುಟ್ಟಿಸಬೇಕಾದದ್ದು ಅಂಗಳದಲ್ಲಿ ನಿಂತಿರುವ ಆ ಕಾರೇ. ನಗರಗಳಲ್ಲಿ ನೆಲೆಸಿರುವ ನಮ್ಮ ಎಷ್ಟೋ ಓದುಗರ ಹಿರಿಯರು ಇಂಥ ಊರುಗಳಲ್ಲಿಯೇ ಇದ್ದಾರೆ. ಆದುದರಿಂದ ಇಲ್ಲಿ ಪ್ರಶ್ನೆ ಕೇವಲ ಹಣದ್ದಲ್ಲ, ನಂಬಿಕೆಯದೂ ಹೌದು.

ಮೊದಲು ವಾರಂಟಿಯ ಮರ್ಮವನ್ನು ತಿಳಿಯತಕ್ಕದ್ದು. ಅದು ತಯಾರಿಕೆಯ ದೋಷಕ್ಕೆ ಕೊಟ್ಟ ಮಾತೇ ಹೊರತು ಸವೆತಕ್ಕೆ ಕೊಟ್ಟ ಮಾತಲ್ಲ. ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ವೈಪರು, ಟೈರು ಇವೆಲ್ಲ ಸವೆಯಲೆಂದೇ ಇರುವ ವಸ್ತುಗಳು. ಇವುಗಳ ಖರ್ಚು ವಾರಂಟಿ ಇದ್ದಾಗಲೂ ಸಾಮಾನ್ಯವಾಗಿ ನಮ್ಮದೇ. ದೇಶದಲ್ಲಿ ಅತಿ ಹೆಚ್ಚು ಕಾರು ಮಾರುವ ಮಾರುತಿ ಸುಜುಕಿ ಕಂಪನಿಯು 2024ರ ಜುಲೈನಲ್ಲಿ ತನ್ನ ವಾರಂಟಿಯನ್ನು 2 ವರ್ಷ ಅಥವಾ 40,000 ಕಿಲೋಮೀಟರಿನಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿತು. ಇದರ ಅರ್ಥ ಮೂರು ವರ್ಷಕ್ಕೆ ಕಾರು ಮುದಿಯಾಯಿತೆಂದಲ್ಲ; ಕಂಪನಿಯ ಜವಾಬ್ದಾರಿ ಅಲ್ಲಿಗೆ ಮುಗಿಯಿತೆಂದಷ್ಟೇ.

ಜಾಣ ಗೃಹಸ್ಥರು ವಾರಂಟಿ ತೀರುವ ಒಂದು ತಿಂಗಳ ಮೊದಲೇ ಕಾರನ್ನು ವರ್ಕ್‌ಷಾಪಿಗೆ ಒಯ್ಯುತ್ತಾರೆ. ಕೇಳಿಬರುವ ಪ್ರತಿಯೊಂದು ಸದ್ದನ್ನೂ, ಒಸರುವ ಪ್ರತಿಯೊಂದು ಹನಿಯನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿಯನ್ನು ಇಟ್ಟುಕೊಳ್ಳುತ್ತಾರೆ. ವಾರಂಟಿಯ ಅವಧಿಯಲ್ಲೇ ದಾಖಲಾದ ದೋಷ ಮುಂದೆ ದೊಡ್ಡದಾದರೆ ವಾದಿಸಲು ಆಧಾರವಿರುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಮೇರೆಗೆ, ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗಬಹುದು. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಅಲ್ಲಿ ಬೆಲೆ ಕಡಿಮೆ.

ಈಗ ಲೆಕ್ಕಕ್ಕೆ ಬರೋಣ. ತಗಡೂರಿನ ಒಬ್ಬ ಮೇಷ್ಟರ ಮನೆಯನ್ನು ಊಹಿಸಿಕೊಳ್ಳಿ. 7 ಲಕ್ಷ ರೂಪಾಯಿ ಬೆಲೆಗೆ ಕೊಂಡ ಕಾರಿಗೆ ಈಗ ನಾಲ್ಕೂವರೆ ವರ್ಷ. ಕ್ಲಚ್ಚು, ಮುಂದಿನ ಸಸ್ಪೆನ್ಷನ್, ಎ.ಸಿ. ಕಂಪ್ರೆಸರು ಎಲ್ಲ ಸೇರಿ 60,000 ರೂಪಾಯಿಯ ಅಂದಾಜು ಬಂದಿದೆ. ವಿಮಾ ಕಂಪನಿಗಳು ಅನುಸರಿಸುವ ಇಳಿಕೆಯ ಪಟ್ಟಿಯಲ್ಲಿ ನಾಲ್ಕರಿಂದ ಐದು ವರ್ಷದ ಕಾರಿನ ಬೆಲೆ ಶೇಕಡಾ 50ರಷ್ಟು ತಗ್ಗುತ್ತದೆ. ಅಂದರೆ ಹಳೆಯದಕ್ಕೆ ಮೂರೂವರೆ ಲಕ್ಷವೆಂದು ಇಟ್ಟುಕೊಳ್ಳಬಹುದು. ಅದೇ ಬೆಲೆಯ ಹೊಸ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇಕಡಾ 14ರಂತೆ 98,000 ರೂಪಾಯಿ, ಅದರ ಮೇಲೆ ಸೆಸ್ಸು, ವಿಮೆ, ನೋಂದಣಿ. ಹಳೆಯದನ್ನು ಕೊಟ್ಟ ಮೇಲೂ 5 ಲಕ್ಷದಷ್ಟು ಸಾಲ ಬೇಕು. ಶೇಕಡಾ 9ರ ಬಡ್ಡಿಗೆ ಐದು ವರ್ಷದ ಸಾಲವೆಂದರೆ ತಿಂಗಳ ಕಂತು ಸುಮಾರು 10,380 ರೂಪಾಯಿ. ಬಡ್ಡಿಯೊಂದೇ ಲಕ್ಷದ ಇಪ್ಪತ್ತೆರಡು ಸಾವಿರಕ್ಕೂ ಮೇಲು.

“ಆರು ತಿಂಗಳ ಕಂತಿನಲ್ಲಿ ಈ ರಿಪೇರಿ ಆಗಿಹೋಗುತ್ತದಲ್ಲ, ರೀ?” ಎಂದು ಮನೆಯಾಕೆ ಕೇಳಿದರೆ ಮೇಷ್ಟರ ಬಳಿ ಉತ್ತರವಿಲ್ಲ. ಆಕೆಯ ಪ್ರಶ್ನೆಯೇ ಸರಿಯಾದ ಅಳತೆಗೋಲು. ರಿಪೇರಿಯ ಮೊತ್ತವನ್ನು ಹಳೆಯ ಕಾರಿನ ಬೆಲೆಯೊಡನೆ ಹೋಲಿಸಿದರೆ ಯಾವಾಗಲೂ ಗಾಬರಿಯಾಗುತ್ತದೆ. ಹೋಲಿಸಬೇಕಾದದ್ದು ಹೊಸ ಕಾರಿನ ಕಂತಿನೊಡನೆ. ಹೊಸ ಕಾರು ಉಳಿಯುವ ಆಸ್ತಿಯಲ್ಲವೇ ಎಂದು ಕೇಳುವವರಿದ್ದಾರೆ. ಅದೇ ಇಳಿಕೆಯ ಪಟ್ಟಿಯ ಪ್ರಕಾರ ವರ್ಷ ದಾಟುವುದರೊಳಗೆ ಆ ಆಸ್ತಿಯಲ್ಲಿ ಐದನೆಯ ಒಂದು ಪಾಲು, ಅಂದರೆ 1,40,000 ರೂಪಾಯಿ ಕರಗಿರುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿದು ಹೊಸ ಕಾರು ಅಗ್ಗವಾದದ್ದು ನಿಜ. ಹೊಸದು ಅಗ್ಗವಾದರೆ ಹಳೆಯದಕ್ಕೆ ಸಿಗುವ ಬೆಲೆಯೂ ತಗ್ಗುತ್ತದೆ ಎಂಬುದನ್ನು ಮಾತ್ರ ಜಾಹೀರಾತುಗಳು ಹೇಳುವುದಿಲ್ಲ!

ರಿಪೇರಿ ಎಂದು ನಿಶ್ಚಯವಾದರೆ ಎಲ್ಲಿ ಮಾಡಿಸುವುದು? ವಾರಂಟಿ ಇರುವ ತನಕ ಕಂಪನಿಯ ಬಾಗಿಲೇ ಗತಿಯೆಂದು ನಂಬಿದವರಿಗೆ, ಅದು ಮುಗಿದ ಮೇಲೆ ಒಂದು ಬಗೆಯ ಸ್ವಾತಂತ್ರ್ಯ ದೊರಕುತ್ತದೆ. ಬಿಡಿಭಾಗಗಳನ್ನೂ ಪರೀಕ್ಷಾ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ವ್ಯಾಜ್ಯವು ಮೇಲಿನ ನ್ಯಾಯಪೀಠಗಳಿಗೆ ಹೋಯಿತು. ಆದರೂ ಹೊರಗಿನ ಮೆಕ್ಯಾನಿಕ್ಕನ ಹಕ್ಕಿನ ಪ್ರಶ್ನೆ ಬಯಲಿಗೆ ಬಂದಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಎಂಬ ಜಾಲತಾಣವನ್ನೇ ತೆರೆಯಿತು. ನನ್ನ ಅಭಿಪ್ರಾಯದಲ್ಲಿ ಕ್ಲಚ್ಚು, ಬ್ರೇಕು, ಸಸ್ಪೆನ್ಷನ್ನುಗಳಿಗೆ ನಂಬಿಕೆಯ ಊರ ಗ್ಯಾರೇಜು ಸಾಕು, ಏರ್‌ಬ್ಯಾಗು, ಎ.ಬಿ.ಎಸ್., ಎಂಜಿನ್ನಿನ ಕಂಪ್ಯೂಟರಿನ ತೊಂದರೆಗಳಿಗೆ ಕಂಪನಿಯವರೇ ಲೇಸು. ಎಲ್ಲಿ ಮಾಡಿಸಿದರೂ ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯತಕ್ಕದ್ದು.

ಪೆಟ್ರೋಲಿನಲ್ಲಿ ಈಗ ಬೆರೆಯುವ ಶೇಕಡಾ 20ರ ಎಥನಾಲನ್ನು ಕುರಿತು ಕಬ್ಬಿನ ಸೀಮೆಯವರಿಗೇ ಭಯವಿರುವುದು ಸೋಜಿಗ. 2023ರ ಏಪ್ರಿಲಿಗೆ ಮುಂಚಿನ ಬಹುತೇಕ ಕಾರುಗಳು ಅದಕ್ಕೆಂದು ರೂಪುಗೊಂಡವಲ್ಲ. ಕೆಲವು ಹಳೆಯ ಕಾರುಗಳಲ್ಲಿ ರಬ್ಬರಿನ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಾಯಿಸಬೇಕಾಗಬಹುದೆಂದು ಕೇಂದ್ರ ಸರ್ಕಾರವೇ 2025ರಲ್ಲಿ ಹೇಳಿತು. ಅದು ಸರ್ವೀಸಿನ ವೇಳೆ ಆಗುವ ಸಣ್ಣ ಕೆಲಸ. ಕಾರು ಮಾರಲು ಕಾರಣವಲ್ಲ.

ಹಾಗಾದರೆ ಹಳೆಯದನ್ನು ಬಿಡಬೇಕಾದದ್ದು ಯಾವಾಗ? ನೀರಿನಲ್ಲಿ ಮುಳುಗಿದ ಕಾರಿನ ಮೇಲೆ ವ್ಯಾಮೋಹ ಬೇಡ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಬಿನಿ ತುಂಬಿ, ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆಯ ಮೇಲೆಯೇ ಕಪಿಲೆ ಹರಿದದ್ದನ್ನು ಈ ಭಾಗದವರು ಮರೆತಿರಲಾರರು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದರೆ, ಸಿಲಿಂಡರಿನೊಳಗಿನ ನೀರು ಕುಗ್ಗದೆ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ಪ್ರತ್ಯೇಕ ‘ಎಂಜಿನ್ ರಕ್ಷಣೆ’ ಸೇರಿಸದ ಸಾಮಾನ್ಯ ವಿಮೆಯು ಇಂಥ ನಷ್ಟವನ್ನು ಬಹುಧಾ ಕಟ್ಟಿಕೊಡದು. ಎಂಜಿನ್ನು ಉಳಿದರೂ ವೈರುಗಳೊಳಗಿನ ತುಕ್ಕು ವರ್ಷಗಟ್ಟಲೆ ಕಾಡುತ್ತದೆ.

ಅಪಘಾತದಲ್ಲಿ ಚೌಕಟ್ಟೇ ಸೊಟ್ಟಗಾದ ಕಾರೂ ಹಾಗೆಯೇ. ರಿಪೇರಿಯ ಖರ್ಚು ವಿಮೆಯ ಮೌಲ್ಯದ ಶೇಕಡಾ 75ನ್ನು ಮೀರಿದರೆ ವಿಮೆಯವರೇ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ. ತಯಾರಕರೇ ದೇಶ ಬಿಟ್ಟ ಕಾರುಗಳದು ಇನ್ನೊಂದು ಕಥೆ. ಷೆವರ್ಲೆ ಕಾರುಗಳ ಮಾರಾಟ ಇಲ್ಲಿ 2017ರ ಕೊನೆಗೆ ನಿಂತಿತು. ಫೋರ್ಡ್ ಕಂಪನಿ ಇಲ್ಲಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಸಾರಿತು. ಇಂಥ ಕಾರಿನ ಒಂದು ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾಗಿ ಬಂದರೆ ತಗಡೂರಿನ ಮನೆಗೆ ಅದು ಸರಿಹೋಗದು.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಾಣದ ಪ್ರಶ್ನೆ. ಎ.ಬಿ.ಎಸ್. ಮತ್ತು ಚಾಲಕನ ಏರ್‌ಬ್ಯಾಗು ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೆ ಹಿಂದಿನ ಎಷ್ಟೋ ಸಣ್ಣ ಕಾರುಗಳಲ್ಲಿ ಇವೆರಡೂ ಇಲ್ಲ. ಯಾವ ರಿಪೇರಿಯಿಂದಲೂ ಅವು ಬರುವುದಿಲ್ಲ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ಕತ್ತಲಲ್ಲಿ ಎದುರಾಗುವ ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ದಿನವೂ ಓಡಾಡುವವರು, ಕಾರು ಎಷ್ಟೇ ಗಟ್ಟಿಯಾಗಿರಲಿ, ಬದಲಾವಣೆಯನ್ನು ಯೋಚಿಸುವುದೇ ವಿವೇಕ. ಮಿಕ್ಕವರು ವರ್ಷಕ್ಕೊಮ್ಮೆ ಬಿಲ್ಲುಗಳನ್ನು ಕೂಡಿಸಿ ನೋಡಲಿ: ಹನ್ನೆರಡು ತಿಂಗಳ ರಿಪೇರಿಯು ಹನ್ನೆರಡು ಕಂತುಗಳನ್ನು ಮೀರಿತೇ?

ಹತ್ತು ಅಥವಾ ಹದಿನೈದು ವರ್ಷಕ್ಕೆ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ವದಂತಿ ಹರಡಿದೆ. ಅದು ದೆಹಲಿ ಪ್ರದೇಶದ ಆಜ್ಞೆಗಳಿಂದ ಹುಟ್ಟಿದ ಭ್ರಮೆ. ನಮ್ಮಲ್ಲಿ 15 ವರ್ಷವಾದ ಖಾಸಗಿ ಕಾರನ್ನು ಆರ್.ಟಿ.ಓ. ಕಚೇರಿಯಲ್ಲಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಮರುನೋಂದಣಿ ಮಾಡಿಸಬಹುದು. 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 20 ವರ್ಷ ಮೀರಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದು 10,000ಕ್ಕೆ ಏರಿತು.

ಕಡೆಗೆ ಮಾರುವುದೇ ನಿಶ್ಚಯವಾದರೆ ಎರಡು ಕಾಗದಗಳು ಮರೆಯದಿರಲಿ. ಕ್ಲೇಮು ಮಾಡದೆ ಗಳಿಸಿದ ವಿಮೆಯ ಬೋನಸ್ಸು ಕಾರಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಐದು ವರ್ಷಕ್ಕೆ ಅದು ಶೇಕಡಾ 50ರ ತನಕ ಇರುತ್ತದೆ. ವಿಮಾ ಕಂಪನಿಯಿಂದ ಪತ್ರ ಪಡೆದರೆ ಹೊಸ ಕಾರಿಗೆ ಅದನ್ನು ವರ್ಗಾಯಿಸಬಹುದು. ಎರಡನೆಯದು, ಮಾರಿದ 14 ದಿನಗಳೊಳಗೆ ಆರ್.ಟಿ.ಓ.ಗೆ ತಿಳಿಸಬೇಕಾದ ವರ್ಗಾವಣೆಯ ನಮೂನೆ. ಆರ್.ಸಿ.ಯಲ್ಲಿ ಹೆಸರು ಬದಲಾಗದೆ ಕೊಂಡವನು ಎಲ್ಲಾದರೂ ಅಪಘಾತ ಮಾಡಿದರೆ, ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ದಲ್ಲಾಳಿ “ನಾನು ನೋಡಿಕೊಳ್ಳುತ್ತೇನೆ ಸಾರ್” ಎಂದರೂ, ಹೊಸ ಹೆಸರಿನ ಆರ್.ಸಿ.ಯ ಪ್ರತಿ ಕೈಸೇರುವ ತನಕ ಅವನ ಬೆನ್ನು ಬಿಡಬೇಡಿ.