ಸರ್ವರ್ ಪದೇ ಪದೇ ನಿಂತರೆ ಮೊದಲು ನೋಡಬೇಕಾದ್ದೇನು?

'ಸರ್ವರ್ ಡೌನ್' ಎಂಬ ಮಾತು ಪಹಣಿಗೆ ಅಲೆದವರಿಗೆಲ್ಲ ಗೊತ್ತು. ಸರ್ವರ್ ಅಂದರೆ, ಕೇಳಿದವರಿಗೆ ಕೇಳಿದ ಪುಟ ಕೊಡುತ್ತ ಹಗಲೂ ರಾತ್ರಿ ಓಡುವ ಕಂಪ್ಯೂಟರ್, ಅಷ್ಟೆ. ಹೊಸಕೋಟೆ ಕಡೆಯ ನಾವು ಒಂಬತ್ತು ಮಂದಿ ಸೊಪ್ಪು-ತರಕಾರಿ ಬೆಳೆಗಾರರು ಗಿರಾಕಿಗಳಿಂದ ನೇರ ಆರ್ಡರ್ ಪಡೆಯಲು ಇಂಥದ್ದೊಂದನ್ನು ದೊಮ್ಮಲೂರಿನ ಬಾಡಿಗೆ ಕೋಣೆಯಲ್ಲಿ ಇಟ್ಟಿದ್ದೇವೆ. ನಾವು ಸೊಪ್ಪು ಇಳಿಸುವುದೂ ಅಲ್ಲೇ. ರಾತ್ರಿ 9ರೊಳಗೆ ಬಂದ ಆರ್ಡರ್ ನೋಡಿ ಬೆಳಗಿನ ಜಾವ ಕೊಯ್ಲು. ಸರ್ವರ್ ನಿಂತರೆ ಎಷ್ಟು ಕಟ್ಟು ಕೊಯ್ಯಬೇಕೋ ತಿಳಿಯದು. ಹೆಚ್ಚು ಕೊಯ್ದರೆ ಸಂಜೆಗೆ ಬಾಡುತ್ತೆ, ಕಮ್ಮಿ ಕೊಯ್ದರೆ ಗಿರಾಕಿ ಹೋಗ್ತಾನೆ.

ಕಳೆದ ಮಳೆಗಾಲದಲ್ಲಿ ಅದು ವಾರಕ್ಕೆ ಎರಡು ಮೂರು ಸಲ ನಿಲ್ಲತೊಡಗಿತು. ಆಫ್ ಮಾಡಿ ಆನ್ ಮಾಡಿದರೆ ಓಡುತ್ತೆ, ನಿಜ. ಆದರೆ ಅದು ಮದ್ದಲ್ಲ. ಫ್ಯೂಸ್ ಹೋದಾಗಲೆಲ್ಲ ಬರೀ ತಂತಿ ಕಟ್ಟುತ್ತಿದ್ದರೆ ಮೋಟಾರಿನ ದೋಷ ತಿಳಿಯುವುದುಂಟೇ? ಸರ್ವರ್ ನೋಡಿಕೊಳ್ಳುವ ನನ್ನ ತಂಗಿಯ ಮಗಳು ಹಾಕಿಕೊಟ್ಟ ಕ್ರಮ ಹೀಗಿದೆ:

1. ನಿಂತ ಹೊತ್ತನ್ನು ಬರೆದಿಡಿ. ನಮ್ಮದು ನಿಲ್ಲುತ್ತಿದ್ದುದು ರಾತ್ರಿ 8ರಿಂದ 9ರ ನಡುವೆ, ಆರ್ಡರ್‌ನ ನೂಕುನುಗ್ಗಲಿನಲ್ಲಿ.

2. ನಿಂತದ್ದು ಯಾವುದು? ಕರೆಂಟೋ, ಇಂಟರ್‌ನೆಟ್ ಲೈನೋ, ಯಂತ್ರವೋ, ಪುಟ ಕೊಡುವ ತಂತ್ರಾಂಶವೋ? ನಮ್ಮಲ್ಲಿ ಲೈನ್ ಸರಿಯಿತ್ತು, ಯಂತ್ರ ಓಡುತ್ತಿತ್ತು, ಪುಟ ಮಾತ್ರ ಬರುತ್ತಿರಲಿಲ್ಲ.

3. ಡಿಸ್ಕ್ ತುಂಬಿದೆಯೇ? ತುಂಬಿದರೆ ಹೊಸ ಆರ್ಡರ್ ಬರೆದಿಡಲು ಜಾಗವೇ ಇರದು. ನಮ್ಮದರಲ್ಲಿ ಅರ್ಧಕ್ಕೂ ಹೆಚ್ಚು ಖಾಲಿಯಿತ್ತು.

4. ಲಾಗ್ ಓದಿ. ಸರ್ವರ್ ತಾನೇ ಬರೆದುಕೊಳ್ಳುವ ದಿನಚರಿ ಇದು. ಅದರಲ್ಲೇ ಸಿಕ್ಕಿತು ಉತ್ತರ: 'ಔಟ್ ಆಫ್ ಮೆಮೊರಿ'.

ಲೆಕ್ಕ ಸರಳ. ಯಂತ್ರದ ಮೆಮೊರಿ ಸುಮಾರು 2,000 ಎಂಬಿ. ಆರ್ಡರ್ ಪಟ್ಟಿ ಇಡುವ ಡೇಟಾಬೇಸ್ ಮುಂತಾದವಕ್ಕೆ 800 ಹೋದರೆ ಉಳಿದದ್ದು 1,200. ಅಪಾಚೆ ಎಂಬ ತಂತ್ರಾಂಶ ಒಬ್ಬೊಬ್ಬ ಗಿರಾಕಿಯ ಕೋರಿಕೆಗೆ ಒಂದೊಂದು ಕೆಲಸಗಾರನನ್ನು ನಿಲ್ಲಿಸುತ್ತದೆ. ನಮ್ಮಲ್ಲಿ ಒಬ್ಬನಿಗೆ 40 ಎಂಬಿ ಬೇಕು. ಅಂದರೆ 30 ಜನಕ್ಕಷ್ಟೇ ಜಾಗ. ತಂತ್ರಾಂಶದೊಂದಿಗೆ ಬಂದ ಮಿತಿಯೋ 150! ಮೆಮೊರಿ ಮುಗಿದಾಗ ಯಂತ್ರ ನಿಧಾನದ ಡಿಸ್ಕನ್ನೇ ಮೆಮೊರಿಯಾಗಿ ಬಳಸಿ ತೆವಳುತ್ತದೆ. ಕೊನೆಗೆ ಹೆಚ್ಚು ಜಾಗ ಹಿಡಿದ ಡೇಟಾಬೇಸನ್ನೇ ನಿಲ್ಲಿಸಿಬಿಡುತ್ತದೆ.

ಎರಡಿಂಚು ನೀರಿನ ಬೋರ್‌ವೆಲ್‌ಗೆ 150 ಸ್ಪ್ರಿಂಕ್ಲರ್ ಜೋಡಿಸಿದರೆ ಒಂದೂ ತಿರುಗದು. ಸರದಿ ಮೇಲೆ ಬಿಟ್ಟರೆ ತೋಟವೆಲ್ಲ ನೆನೆಯುತ್ತೆ. ಮಿತಿಯನ್ನು 25ಕ್ಕೆ ಇಳಿಸಿದೆವು. ಉಳಿದವರು ಕ್ಷಣಕಾಲ ಸಾಲಿನಲ್ಲಿ ಕಾಯುತ್ತಾರೆ. ಹೊಸ ಯಂತ್ರಕ್ಕೆ ಖರ್ಚಿಲ್ಲ. ಅಲ್ಲಿಂದ ಈಚೆಗೆ ನಿಂತಿಲ್ಲ.

ಆದರೆ ನುಗ್ಗುವವರೆಲ್ಲ ನಿಜವಾದ ಗಿರಾಕಿಗಳೇ ಆಗಿರಬೇಕಿಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ತಾಣ 2025ರ ಜನವರಿಯಲ್ಲಿ ಕುಂಟಿತು. ಎರಡು ಗಂಟೆಯಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು ಬಂದಿದ್ದವೆಂದು ಆಮೇಲೆ ತಿಳಿಯಿತು. ಇ.ಸಿ.ಗೆ, ನೋಂದಣಿಗೆ ಬಂದ ಜನ ಪರದಾಡಿದರು. ಇಂಥಲ್ಲಿ ಮಿತಿ ಹಾಕಿದರಷ್ಟೇ ಸಾಲದು. ಕೋರಿಕೆ ಎಲ್ಲಿಂದ ಬರುತ್ತಿದೆಯೆಂದು ಲಾಗ್‌ನಲ್ಲಿ ನೋಡಿ ಆ ದಾರಿ ಮುಚ್ಚಬೇಕು.

ನಿಮ್ಮ ಗುಂಪಿನ ಸರ್ವರನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರೆ 'ಸರಿಯಾಯ್ತಾ?' ಅಂತಷ್ಟೇ ಕೇಳಬೇಡಿ. 'ಲಾಗ್‌ನಲ್ಲಿ ಏನಿತ್ತು?' ಅಂತಲೂ ಕೇಳಿ.