ಬೆಳೆಗೆ ಬೇಲಿ, ಮನಸ್ಸಿಗೆ ಸಾವಧಾನ

ಸಾಂಕ್ರಾಮಿಕ ರೋಗ ಬಂದಾಗ ಮೈಗೆ ತಗಲುವ ಜಾಡ್ಯದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಮನಸ್ಸಿಗೆ ತಗಲುವ ಜಾಡ್ಯದ ಬಗ್ಗೆ ಮಾತನಾಡುವವರು ಕಡಿಮೆ. 2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ನಮ್ಮ ರೈತರು ಎರಡನ್ನೂ ಕಂಡರು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೂವು, ದ್ರಾಕ್ಷಿ ಕೊಯ್ಲಿಗೆ ಬಂದಿದ್ದವು, ಕೊಳ್ಳುವವರಿರಲಿಲ್ಲ. ಮದುವೆ, ಜಾತ್ರೆಗಳು ನಿಂತಿದ್ದವು. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ ಮೇ ತಿಂಗಳಲ್ಲಿ ಪ್ರಕಟಿಸಿತು. ಆದರೆ ಸಾಲ, ರೋಗ, ನಾಳೆಯ ಗತಿ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟವರ ಲೆಕ್ಕ ಯಾವ ಪಹಣಿಯಲ್ಲೂ ಸೇರಲಿಲ್ಲ.

ಕೋವಿಡ್‌ನ ಮೊದಲ ವರ್ಷದಲ್ಲಿ ಆತಂಕ ಹಾಗೂ ಖಿನ್ನತೆ ಜಗತ್ತಿನಲ್ಲಿ ಶೇಕಡಾ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಆ ದಿನಗಳಲ್ಲಿ ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ, ಸಾವಧಾನದ ಸ್ವಭಾವದವರಿಗೆ ಈ ಬಾಧೆ ಕಡಿಮೆಯಿದ್ದುದು ಕಂಡುಬಂತು. ಸಾವಧಾನವೇ ಇದಕ್ಕೆ ಕಾರಣವೆಂದು ಸಮೀಕ್ಷೆಯೊಂದರಿಂದಲೇ ಹೇಳಲಾಗದು. ಚಿಂತೆ ಕಡಿಮೆಯಿದ್ದವರಿಗೆ ಸಾವಧಾನ ಸುಲಭವಾಗಿರಲೂಬಹುದು. ಆದರೂ ಖರ್ಚಿಲ್ಲದ ಈ ಅಭ್ಯಾಸವನ್ನು ರೈತರು ತಿಳಿದಿರುವುದು ಒಳ್ಳೆಯದು.

ಸಾವಧಾನವೆಂದರೇನು?

ಈಗ ನಡೆಯುತ್ತಿರುವುದನ್ನು ಒಳ್ಳೆಯದು, ಕೆಟ್ಟದ್ದು ಎಂದು ತೂಗದೆ ಗಮನವಿಟ್ಟು ಕಾಣುವುದೇ ಸಾವಧಾನ. ಬೌದ್ಧರ ಧ್ಯಾನಪದ್ಧತಿಯಲ್ಲಿ ಇದು ಬಹು ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಎಂಬುವರು 1979ರಲ್ಲಿ ಇದನ್ನು ರೋಗಿಗಳಿಗೆ ತರಬೇತಿಯಾಗಿ ಕಲಿಸಲಾರಂಭಿಸಿದರು.

ಮನಸ್ಸನ್ನು ಬರಿದು ಮಾಡುವುದಾಗಲಿ, ಚಿಂತೆಯನ್ನು ಅದುಮುವುದಾಗಲಿ ಇದರ ಉದ್ದೇಶವಲ್ಲ. ನೀರು ಹಾಯಿಸುವಾಗ ಅದು ಬೇರೆ ಪಾತಿಗೆ ನುಗ್ಗಿದರೆ ನಾವು ಬೈಯುತ್ತ ನಿಲ್ಲುವುದಿಲ್ಲ. ಗುದ್ದಲಿಯಿಂದ ಮಣ್ಣೆಳೆದು ಮತ್ತೆ ಬೇಕಾದ ಪಾತಿಗೆ ತಿರುಗಿಸುತ್ತೇವೆ. ಗಮನವೂ ಹಾಗೆಯೇ. ಅದು ಎಷ್ಟು ಸಲ ಹರಿದುಹೋದರೂ ಅಷ್ಟು ಸಲ ತಿರುಗಿಸಬೇಕು.

ಅಭ್ಯಾಸದ ಕ್ರಮ

ಚಿಂತೆ ಮುತ್ತಿದಾಗ ಒಂದೆಡೆ ಕುಳಿತುಕೊಳ್ಳಿ. 'ಇದು ಸಾಲದ ಚಿಂತೆ', 'ಇದು ರೋಗದ ಭಯ' ಎಂದು ಬಂದುದನ್ನು ಹೆಸರಿಟ್ಟು ಗುರುತಿಸಿ. ಅಂಗಾಲನ್ನು ನೆಲಕ್ಕೆ ಒತ್ತಿ, ನಿಧಾನವಾಗಿ ಉಸಿರು ಬಿಡಿ. ಕಣ್ಣಿಗೆ ಏನು ಕಾಣುತ್ತಿದೆ, ಕಿವಿಗೆ ಏನು ಕೇಳುತ್ತಿದೆ ಎಂದು ಗಮನಿಸಿ. ಅನಂತರ ಕೈಯಲ್ಲಿರುವ ಕೆಲಸಕ್ಕೆ ಮರಳಿ. ಉಸಿರನ್ನು ಗಮನಿಸುವಾಗ ಭಯ ಹೆಚ್ಚಾದರೆ ಅದನ್ನು ಬಿಟ್ಟು, ಕಣ್ಣು ತೆರೆದು ಸುತ್ತಲಿನದನ್ನು ನೋಡಿ.

ಇದಕ್ಕೆ ದಿನಕ್ಕೆ ಐದು ಹತ್ತು ನಿಮಿಷ ಸಾಕು. ಹಾಲು ಕರೆಯುವಾಗ, ಕಳೆ ಕೀಳುವಾಗಲೂ ಮಾಡಬಹುದು. ರೋಗದ ಸುದ್ದಿಯನ್ನು ದಿನಕ್ಕೆ ಒಂದೆರಡು ಸಲ ಮಾತ್ರ, ನಂಬಲರ್ಹ ಮೂಲದಿಂದ ಕೇಳಿ. ಮೊಬೈಲಿನಲ್ಲಿ ಬಂದ ವದಂತಿಗಳನ್ನೆಲ್ಲ ನಂಬಿ ಕಂಗೆಡಬೇಡಿ.

ಗಮನಿಸತಕ್ಕ ಅಂಶ

ಸಾವಧಾನದಿಂದ ಸಾಲ ತೀರದು, ಸೋಂಕು ನಿಲ್ಲದು. ಲಸಿಕೆ, ಮುಖಗವಸುಗಳ ಬದಲಿಗೆ ಇದು ಬಾರದು. ಬೆಳೆ ಮಾರುವ ದಾರಿಯನ್ನೂ ತಾನೇ ತೋರದು. ದಾರಿ ಹುಡುಕುವಷ್ಟು ತಲೆ ತಿಳಿಯಾಗಲು ನೆರವಾದೀತು, ಅಷ್ಟೆ.

ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. ಬದುಕು ಬೇಡವೆನಿಸಿದರಂತೂ ಒಂದು ದಿನವೂ ತಡಮಾಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಹಗಲಿರುಳೆನ್ನದೆ ಫೋನ್ ಮಾಡಬಹುದು. ಇದು ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯಲ್ಲಿ ಯಾರಾದರೂ ಹೀಗೆ ನೊಂದಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ. ಕೀಟನಾಶಕಗಳಿಗೆ ಬೀಗ ಹಾಕಿ, ಬೀಗದ ಕೈ ಬೇರೊಬ್ಬರ ಬಳಿ ಇರಲಿ.

ದನ ನುಗ್ಗಿದ ಮೇಲೆ ಬೇಲಿ ಕಟ್ಟಿದರೆ ಪೈರು ಉಳಿಯದು. ಆದುದರಿಂದ ರೈತ ಬಾಂಧವರು ನೆಮ್ಮದಿಯಿರುವ ದಿನಗಳಲ್ಲಿಯೇ ಈ ಅಭ್ಯಾಸವನ್ನು ಆರಂಭಿಸುವುದು ಲೇಸು.