ಮರ ಕೆತ್ತೋ ಪುಟ್ಟ ಮಿಷನ್‌ನಲ್ಲೇ ಸರ್ಕ್ಯೂಟ್ ಬೋರ್ಡ್: ಎಚ್ಚರ ತಪ್ಪಿದರೆ ಶಾಕ್!

ಹಳೇ ಸ್ಟೆಬಿಲೈಜರ್ ಬೋರ್ಡ್ ಸುಟ್ಟಿದೆ, ಸ್ಪೇರ್ ಸಿಗ್ತಿಲ್ಲ. ಇಂಥ ಸಣ್ಣ ಬೋರ್ಡ್‌ಗಳನ್ನು ರಿಪೇರಿ ಅಂಗಡಿಯಲ್ಲೇ ಮಾಡಿಕೊಳ್ಳಬಹುದು. ಮರ, ಅಕ್ರಿಲಿಕ್ ಕೆತ್ತಲು ಬಂದ ‘3018’ ಸಿಎನ್‌ಸಿ ಮಿಷನ್ ಇದಕ್ಕೆ ಸಾಕು.

ಬೋರ್ಡ್ ಮೇಲಿನ ತಾಮ್ರ ಸಾಮಾನ್ಯವಾಗಿ ಬರೀ 0.035 ಮಿ.ಮೀ. ದಪ್ಪ. ಚೂಪಾದ ಬಿಟ್, ಗೆರೆಗಳ ಸುತ್ತಲಿನ ತಾಮ್ರವನ್ನು ಕೆರೆದು ತೆಗೆಯುತ್ತೆ. ಬೋರ್ಡ್ ಚೂರು ಬಾಗಿದ್ದರೂ ಒಂದು ಕಡೆ ಆಳವಾಗುತ್ತೆ, ಇನ್ನೊಂದು ಕಡೆ ಕಟ್ಟೇ ಆಗಲ್ಲ. ಅದಕ್ಕೇ ಬಿಟ್‌ಗೊಂದು, ತಾಮ್ರಕ್ಕೊಂದು ವೈರ್ ಸಿಕ್ಕಿಸಿ, ಏರಿಳಿತವನ್ನು ಮಿಷನ್‌ನಿಂದಲೇ ಮೊದಲು ಅಳೆಸಬೇಕು.

ಫೆರಿಕ್ ಕ್ಲೋರೈಡ್ ರಗಳೆ ಇಲ್ಲ, ನಿಜ. ಆದರೆ ಗಾಜಿನ ನಾರಿನ ಧೂಳು ಏಳುತ್ತೆ, ಮಾಸ್ಕ್ ಬೇಕೇಬೇಕು.

ದೊಡ್ಡ ಅಪಾಯ ಬೇರೆಯದೇ. ಬಿಟ್ ಬಿಡುವ ಸಂದು ಕೂದಲೆಳೆಯಷ್ಟು. 230 ವೋಲ್ಟ್ ಹರಿಯುವ ಕಡೆ ಅದು ಸಾಲದು, ಕಿಡಿ ಹಾರಬಹುದು. ಕರೆಂಟ್ ಭಾಗಕ್ಕೂ ಕೈ ತಾಗುವ ಲೋ ವೋಲ್ಟೇಜ್ ಭಾಗಕ್ಕೂ ನಡುವೆ 6 ಮಿ.ಮೀ.ಗಿಂತ ಕಡಿಮೆ ಬಿಡಲೇಬಾರದು.